‘ಡಯಾಫ್ರಮ್ 14 ಪರ್ಸೆಂಟ್’ ಎಂದರೆ ಅಪ್ಪನ ಉಸಿರು ಅಷ್ಟೇ ಉಳಿದಿದೆ ಎಂದೇ?

ಪ್ರಶ್ನೆ: ನಮ್ಮೂರು ಶಿಡ್ಲಘಟ್ಟ. ತಂದೆಗೆ 64 ವರ್ಷ. ನಲವತ್ತು ವರ್ಷ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ ಮಾಡಿದವರು, ಜೊತೆಗೆ ಬೀಡಿಯೂ ಇತ್ತು. ನ್ಯುಮೋನಿಯಾ ಆಗಿ ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾರೆ. ವೆಂಟಿಲೇಟರ್ ಹಾಕಿ ಇವತ್ತಿಗೆ 12 ದಿನ. ಜ್ವರ ಇಳಿದಿದೆ, ಎಕ್ಸ್‌ರೇ ಪರವಾಗಿಲ್ಲ ಎನ್ನುತ್ತಾರೆ. ಆದರೂ ಎರಡು ಸಲ ಮಶೀನ್ ಬಿಡಿಸಲು ನೋಡಿದಾಗ ಅರ್ಧ ಗಂಟೆಯೊಳಗೆ ಏದುಸಿರು ಬಂದು ಮತ್ತೆ ಹಾಕಬೇಕಾಯಿತು. ಮೊನ್ನೆ ಡಾಕ್ಟರು ಬಲಪಕ್ಕೆಯ ಮೇಲೆ ಸ್ಕ್ಯಾನಿಂಗ್ ಮಾಡಿ, ‘ಡಯಾಫ್ರಮ್ 14 ಪರ್ಸೆಂಟ್ ಇದೆ, 30 ಆದರೂ ಬೇಕಿತ್ತು’ ಎಂದರು. ಹಾಗಾದರೆ 86 ಪರ್ಸೆಂಟ್ ಹೋಯಿತೇ? ಇದು ಮತ್ತೆ ಬರುವುದೇ ಇಲ್ಲವೇ? ‘ಮಶೀನ್ ಅಭ್ಯಾಸ ಆಗಿಬಿಟ್ಟಿದೆ, ಇನ್ನು ಬಿಡಲ್ಲ’ ಎಂದು ಸಂಬಂಧಿಕರು ಹೇಳುತ್ತಿದ್ದಾರೆ. ಮೂರು ಸಲ ಸ್ಕ್ಯಾನಿಂಗ್ ಬಿಲ್ ಬಂದಿದೆ, ಅದರ ಕಿರಣದಿಂದ ತೊಂದರೆಯಿಲ್ಲವೇ? ಈಗ ಗಂಟಲಿಗೆ ತೂತು ಮಾಡಬೇಕಾಗಬಹುದು ಎನ್ನುತ್ತಿದ್ದಾರೆ. ಅಣ್ಣ ಬೆಂಗಳೂರಿಗೆ ಕರೆದುಕೊಂಡು ಹೋಗೋಣ ಅನ್ನುತ್ತಾನೆ. ಏನು ಮಾಡುವುದು ತಿಳಿಯುತ್ತಿಲ್ಲ. ನಾವು ಮಾತಾಡಿದರೆ ಅವರಿಗೆ ಕೇಳಿಸುತ್ತದೆಯೇ ಎಂಬುದೂ ಗೊತ್ತಾಗುತ್ತಿಲ್ಲ.

ಉತ್ತರ: ಮೊದಲು ಆ 86ರ ಲೆಕ್ಕವನ್ನು ತಲೆಯಿಂದ ತೆಗೆದುಬಿಡಿ. ನಿಮ್ಮ ಪತ್ರದ ಎಲ್ಲ ಪ್ರಶ್ನೆಗಳ ಬುಡದಲ್ಲಿ ಅದೇ ಭಯ ಕೂತಿದೆ. ಪರೀಕ್ಷೆಯಲ್ಲಿ ನೂರಕ್ಕೆ ಹದಿನಾಲ್ಕು ಅಂಕ ಬಂದ ಹಾಗೆ ಅಲ್ಲ ಇದು. ತೋಳು ಮಡಚಿದಾಗ ರಟ್ಟೆ ಉಬ್ಬುತ್ತದಲ್ಲ, ಡಯಾಫ್ರಮ್ ಎಂಬ ಉಸಿರಿನ ಸ್ನಾಯುವೂ ಕೆಲಸ ಮಾಡುವಾಗ ಹಾಗೆಯೇ ದಪ್ಪಗಾಗುತ್ತದೆ. ಉಸಿರು ಬಿಟ್ಟಾಗ ಎಷ್ಟು ದಪ್ಪ ಇತ್ತು, ಎಳೆದಾಗ ಎಷ್ಟು ದಪ್ಪವಾಯಿತು ಎಂದು ಡಾಕ್ಟರು ಅಳೆದಿದ್ದಾರೆ. 2 ಮಿಲಿಮೀಟರ್ ಇದ್ದದ್ದು 2.28 ಆದರೆ 14 ಪರ್ಸೆಂಟ್ ಎಂದು ಲೆಕ್ಕ. ಚೆನ್ನಾಗಿರುವವರಲ್ಲೂ ಸುಮ್ಮನೆ ಕೂತು ಉಸಿರಾಡುವಾಗ ಇದು 20ರಿಂದ 40ರ ಆಸುಪಾಸು ಇರುತ್ತದೆ. ಎದೆ ತುಂಬ ಎಳೆದರೆ 100 ದಾಟುವುದೂ ಉಂಟು. ಹಾಗಾಗಿ ‘ನೂರರಲ್ಲಿ ಎಷ್ಟು ಉಳಿಯಿತು’ ಎಂದು ಈ ಅಂಕಿಯನ್ನು ಕೇಳಿ ಪ್ರಯೋಜನವಿಲ್ಲ.

ನಿಮ್ಮ ತಂದೆಯನ್ನು ನಾನು ನೋಡಿಲ್ಲ. ಯಾವುದು ಮಾಡಬೇಕು, ಯಾವುದು ಬೇಡ ಎಂಬ ತೀರ್ಮಾನ ಅವರ ಹಾಸಿಗೆ ಪಕ್ಕದಲ್ಲಿರುವ ವೈದ್ಯರದು. ಐಸಿಯುನಲ್ಲಿ ಇಷ್ಟು ವರ್ಷ ಇದೇ ಸ್ನಾಯುವನ್ನು ನೋಡುತ್ತ ಬಂದವನಾಗಿ, ಆ ಅಂಕಿಯನ್ನು ಹೇಗೆ ಓದಬೇಕು, ಅವರನ್ನು ಏನು ಕೇಳಬೇಕು ಎಂಬುದನ್ನು ಮಾತ್ರ ಹೇಳಬಲ್ಲೆ.

ಈ ಡಯಾಫ್ರಮ್ಮನ್ನೇ ಶಾಲೆಯಲ್ಲಿ ‘ವಪೆ’ ಎಂದು ಓದಿರುತ್ತೀರಿ. ಎದೆಗೂ ಹೊಟ್ಟೆಗೂ ನಡುವೆ ಬೋರಲು ಹಾಕಿದ ಬಟ್ಟಲಿನ ಹಾಗೆ ಇರುವ ತೆಳು ಸ್ನಾಯು. ಕುಲುಮೆಯ ತಿದಿಯನ್ನು ನೆನೆಸಿಕೊಳ್ಳಿ. ವಪೆ ಕೆಳಗೆ ಇಳಿದಾಗ ಎದೆಗೂಡು ದೊಡ್ಡದಾಗಿ ಗಾಳಿ ಒಳಗೆ ಬರುತ್ತದೆ, ಸಡಿಲಿಸಿದಾಗ ಹೊರಗೆ ಹೋಗುತ್ತದೆ. ಸುಮ್ಮನಿದ್ದಾಗಿನ ನಮ್ಮ ಉಸಿರಾಟದ ಬಹುಪಾಲು ಕೆಲಸ ಇದೊಂದರದೇ. ಇದಕ್ಕೆ ಆಜ್ಞೆ ಕೊಡುವ ನರ ಹೊರಡುವುದು ಕುತ್ತಿಗೆಯಿಂದ. ಹುಟ್ಟಿದಂದಿನಿಂದ ಒಂದು ದಿನವೂ ರಜೆ ತೆಗೆದುಕೊಳ್ಳದ ಈ ಸ್ನಾಯುವಿಗೆ ವೆಂಟಿಲೇಟರ್ ಏಕಾಏಕಿ ರಜೆ ಕೊಟ್ಟುಬಿಡುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ.

ಸ್ಕ್ಯಾನಿಂಗ್ ಬಗ್ಗೆ ಹೇಳಿಬಿಡುತ್ತೇನೆ. ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ತರಹದ ಕಿರಣ ಇಲ್ಲ, ಇರುವುದು ನಮ್ಮ ಕಿವಿಗೆ ಕೇಳಿಸದ ಶಬ್ದ. ಗರ್ಭಿಣಿಯರಿಗೆ ಮಾಡುವುದೂ ಇದನ್ನೇ. ಮೂರಲ್ಲ, ಮೂವತ್ತು ಸಲ ಮಾಡಿದರೂ ಅದರಿಂದ ಹಾನಿಯಿಲ್ಲ. ಬಲಪಕ್ಕೆಯಲ್ಲಿ ಸುಮಾರು ಎಂಟರಿಂದ ಹತ್ತನೇ ಪಕ್ಕೆಲುಬುಗಳ ನಡುವೆ ಪ್ರೋಬ್ (ಚರ್ಮಕ್ಕೆ ಒತ್ತಿ ಹಿಡಿಯುವ ಸ್ಕ್ಯಾನಿಂಗ್ ಹಿಡಿಕೆ) ಇಟ್ಟರೆ ಪರದೆಯ ಮೇಲೆ ಎರಡು ಬಿಳಿ ಗೆರೆ, ಅವುಗಳ ನಡುವೆ ಒಂದು ಕಪ್ಪು ಪಟ್ಟಿ ಕಾಣುತ್ತದೆ. ಆ ಕಪ್ಪು ಪಟ್ಟಿಯೇ ವಪೆ. ಉಸಿರು ಬಿಟ್ಟು ನಿಂತಾಗ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಮಿಲಿಮೀಟರ್ ದಪ್ಪ. ಇನ್ನೊಂದು ವಿಧಾನದಲ್ಲಿ ಪಕ್ಕೆಯ ಕೆಳಗಿನಿಂದ ಪಿತ್ತಜನಕಾಂಗದ ಮೂಲಕ ನೋಡಿ, ಪ್ರತಿ ಉಸಿರಿಗೆ ವಪೆ ಎಷ್ಟು ಸೆಂಟಿಮೀಟರ್ ಇಳಿಯುತ್ತದೆ ಎಂದು ಅಳೆಯುತ್ತಾರೆ. ಆರೋಗ್ಯವಂತ ಗಂಡಸರಲ್ಲಿ ಶಾಂತವಾಗಿ ಉಸಿರಾಡುವಾಗ ಸುಮಾರು 1.8 ಸೆಂಟಿಮೀಟರ್. ಒಂದಕ್ಕಿಂತ ಕಡಿಮೆಯಾದರೆ ಬಲ ಕುಗ್ಗಿದೆ ಎಂದು ಅನುಮಾನಿಸುತ್ತೇವೆ.

ಈಗ ಅಂಕಿಯ ಸೂಕ್ಷ್ಮ ನೋಡಿ. 2 ಮಿಲಿಮೀಟರ್ ಇದ್ದದ್ದು 2.3 ಆದರೆ 15 ಪರ್ಸೆಂಟ್, 2.5 ಆದರೆ 25 ಪರ್ಸೆಂಟ್. ‘ಬಲ ಇಲ್ಲ’ ಎಂಬುದಕ್ಕೂ ‘ಪರವಾಗಿಲ್ಲ’ ಎಂಬುದಕ್ಕೂ ನಡುವೆ ಇರುವುದು ಒಂದು ಮಿಲಿಮೀಟರಿನ ಐದನೇ ಒಂದು ಪಾಲು. ಪ್ರೋಬ್ ಕೊಂಚ ಓರೆಯಾದರೆ, ಬೇರೆ ಪಕ್ಕೆಸಂದಿಗೆ ಸರಿದರೆ ಅಂಕಿ ಬದಲಾಗುತ್ತದೆ. ಅದಕ್ಕೇ ಮೊದಲ ಸಲ ಅಳೆದ ಜಾಗದಲ್ಲಿ ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಿ, ಮಾರನೇ ದಿನವೂ ಅಲ್ಲೇ ಅಳೆಯುತ್ತೇವೆ. ಒಂದು ಉಸಿರಿನ ಅಳತೆಯನ್ನು ನಂಬುವುದಿಲ್ಲ, ಹಲವು ಉಸಿರಿನ ಸರಾಸರಿ ತೆಗೆಯುತ್ತೇವೆ. ಒಂದು ದಿನದ 14ಕ್ಕಿಂತ ನಾಲ್ಕು ದಿನದ 14, 15, 19, 22 ನನಗೆ ಹೆಚ್ಚು ಹೇಳುತ್ತದೆ. ಬಿಲ್‌ನಲ್ಲಿ ಮೂರು ಸ್ಕ್ಯಾನಿಂಗ್ ಕಂಡು ನಿಮಗೆ ಬೇಸರವಾಗಿದೆ, ಅದು ಸಹಜ. ಪ್ರತಿ ಸಲಕ್ಕೂ ಬೇರೆ ಶುಲ್ಕ ಏಕೆ ಎಂದು ಕೇಳುವ ಹಕ್ಕು ನಿಮಗಿದೆ, ಧೈರ್ಯವಾಗಿ ಕೇಳಿ. ಆದರೆ ಮತ್ತೆ ಮತ್ತೆ ನೋಡುವುದು ಈ ಪರೀಕ್ಷೆಯ ಸ್ವಭಾವವೇ ಹೊರತು ದುರುಪಯೋಗ ಎಂದು ಅಷ್ಟಕ್ಕೇ ತೀರ್ಮಾನಿಸಬೇಡಿ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿರುವ ಪ್ರಶ್ನೆ. ಆ 14 ಬಂದದ್ದು ಯಾವಾಗ? ಅಳೆಯುವ ಹೊತ್ತಿನಲ್ಲಿ ನಿಮ್ಮ ತಂದೆ ತಾವೇ ಉಸಿರಾಡುತ್ತಿದ್ದರೋ, ಮಶೀನ್ ಬಹುಪಾಲು ಉಸಿರು ತಳ್ಳುತ್ತಿತ್ತೋ? ನಿದ್ದೆಯ ಔಷಧ ಹರಿಯುತ್ತಿತ್ತೋ, ನಿಂತಿತ್ತೋ?

ಮಶೀನ್ ಜೋರಾಗಿ ಗಾಳಿ ತಳ್ಳುತ್ತಿದ್ದರೆ ವಪೆಗೆ ಉಬ್ಬಬೇಕಾದ ಕೆಲಸವೇ ಇರುವುದಿಲ್ಲ. ಎತ್ತಿನಗಾಡಿಯ ಮೇಲೆ ಕೂತವನ ಕಾಲು ನೋಡಿ ‘ಇವನಿಗೆ ನಡೆಯಲು ಬರುವುದಿಲ್ಲ’ ಎಂದ ಹಾಗಾಗುತ್ತದೆ. ವಪೆ ಕೆಳಗಿಳಿಯುವ ಅಳತೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಮೋಸವಿದೆ. ಅಲ್ಲಿ ಮಶೀನಿನ ಗಾಳಿಯೇ ವಪೆಯನ್ನು ಕೆಳಕ್ಕೆ ಒತ್ತುವುದರಿಂದ, ಸತ್ತಂತಿರುವ ಸ್ನಾಯುವೂ ಚೆನ್ನಾಗಿ ಓಡಾಡಿದಂತೆ ಕಾಣುತ್ತದೆ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಬಹಳ ಹಿಂದೆ, ವಯಸ್ಸಾದ ತಾಯಿಯೊಬ್ಬರಿಗೆ ನಿದ್ದೆಯ ಔಷಧ ಹರಿಯುತ್ತಿದ್ದಾಗಲೇ ಅಳೆದು, ‘ಉಸಿರಿನ ಸ್ನಾಯು ತೀರಾ ಸೋತಿದೆ’ ಎಂದು ಮನೆಯವರಿಗೆ ಹೇಳಿಬಿಟ್ಟೆ. ಮಾರನೇ ಬೆಳಗ್ಗೆ ಔಷಧ ನಿಲ್ಲಿಸಿ, ಮಶೀನಿನ ಸಹಾಯ ಇಳಿಸಿ ಅಳೆದರೆ ಅಂಕಿ ಹಿಂದಿನ ದಿನದ ದುಪ್ಪಟ್ಟಿತ್ತು. ಮಗ ರಾತ್ರಿಯಿಡೀ ವಾರ್ಡಿನ ಹೊರಗೆ ಅಳುತ್ತ ಕೂತಿದ್ದನಂತೆ. ಅಂದಿನಿಂದ ಅಂಕಿಯ ಪಕ್ಕದಲ್ಲಿ ಮಶೀನಿನ ಸಹಾಯ ಎಷ್ಟಿತ್ತು ಎಂದು ಬರೆಯದೆ ನಾನು ಯಾರಿಗೂ ಅಂಕಿ ಹೇಳುವುದಿಲ್ಲ.

ತಂದೆಯವರನ್ನು ಮಶೀನಿನಿಂದ ಬಿಡಿಸಿ, ಅಥವಾ ಸಹಾಯ ತೀರಾ ಕಡಿಮೆ ಮಾಡಿ, ಅವರು ಎಚ್ಚರವಿದ್ದು ತಾವೇ ಉಸಿರಾಡುವಾಗ 14 ಬಂದಿದ್ದರೆ ಅದು ನಿಜವಾದ ದೌರ್ಬಲ್ಯ. 20ಕ್ಕಿಂತ ಕೆಳಗಿದ್ದರೆ ವಪೆ ಸೋತಿದೆ ಎಂದೇ ನಾವು ಹಿಡಿಯುವುದು. 30ರ ಆಸುಪಾಸು ಇದ್ದರೆ ಬಿಡಿಸುವ ಪ್ರಯತ್ನ ಗೆಲ್ಲುವ ಸಾಧ್ಯತೆ ಹೆಚ್ಚು. ಅದೂ ಗ್ಯಾರಂಟಿ ಅಲ್ಲ. 35 ಇದ್ದವರು ಸೋತದ್ದನ್ನೂ 18 ಇದ್ದವರು ಗೆದ್ದು ಮನೆಗೆ ಹೋದದ್ದನ್ನೂ ಕಂಡಿದ್ದೇನೆ. ಇದೊಂದೇ ಅಂಕಿ ನೋಡಿ ಯಾವ ವೈದ್ಯರೂ ಬಾಯಿಯಿಂದ ಶ್ವಾಸನಾಳಕ್ಕೆ ಹಾಕಿದ ಟ್ಯೂಬ್ ತೆಗೆಯಬಾರದು, ಇದೊಂದೇ ಅಂಕಿ ನೋಡಿ ಕೈಚೆಲ್ಲಲೂಬಾರದು.

ಸ್ನಾಯು ನಿಜವಾಗಿ ಸೋತಿದೆ ಎಂದೇ ಇಟ್ಟುಕೊಳ್ಳೋಣ. ಏಕೆ ಸೋತಿತು? ನಿಮ್ಮ ಸಂಬಂಧಿಕರು ‘ಮಶೀನ್ ಅಭ್ಯಾಸ’ ಎನ್ನುವುದರಲ್ಲಿ ಅರ್ಧ ಸತ್ಯವಿದೆ. ಬೀಡಿಯ ಚಟದಂತೆ ದೇಹ ಮಶೀನನ್ನು ಬೇಡುವುದಿಲ್ಲ. ಕೆಲಸವಿಲ್ಲದ ಸ್ನಾಯು ಸವೆಯುತ್ತದೆ, ಅಷ್ಟೇ. ಎಷ್ಟು ಬೇಗ ಎಂಬುದೇ ಆಶ್ಚರ್ಯ. 2008ರಲ್ಲಿ ಅಮೆರಿಕದಲ್ಲಿ, ಮಿದುಳು ನಿಷ್ಕ್ರಿಯಗೊಂಡು ಅಂಗದಾನ ಮಾಡಿದ 14 ಮಂದಿಯ ವಪೆಯ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. 18ರಿಂದ 69 ಗಂಟೆ ಪೂರ್ತಿ ಮಶೀನಿನ ಮೇಲಿದ್ದ ಅವರಲ್ಲಿ ಆ ಎಳೆಗಳು ಅರ್ಧಕ್ಕಿಂತ ಹೆಚ್ಚು ಸಣ್ಣಗಾಗಿದ್ದವು. ಕೈಕಾಲಿನ ಸ್ನಾಯುವಿಗೆ ವಾರಗಳು ಬೇಕಾಗುವ ಸವೆತ ಇಲ್ಲಿ ಮೂರು ದಿನದೊಳಗೆ. ಇನ್ನೊಂದು ಕಡೆ, 2015ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ವೆಂಟಿಲೇಟರ್ ಮೇಲಿದ್ದ 107 ಮಂದಿಯ ವಪೆಯನ್ನು ಅಲ್ಟ್ರಾಸೌಂಡ್‌ನಲ್ಲಿ ದಿನವೂ ಅಳೆದರು. ಮೊದಲ ವಾರದಲ್ಲಿ 44 ಪರ್ಸೆಂಟ್ ಜನರಲ್ಲಿ ತೆಳುವಾಯಿತು, ಅಷ್ಟೇ ಜನರಲ್ಲಿ ಹಾಗೇ ಉಳಿಯಿತು, 12 ಪರ್ಸೆಂಟ್ ಜನರಲ್ಲಿ ದಪ್ಪವಾಯಿತು. ಎಲ್ಲರಿಗೂ ಸವೆಯುವುದಿಲ್ಲ ಎಂಬುದು ಒಂದು ಸಮಾಧಾನ. ಆದರೆ ಆ ದಪ್ಪವಾದ ಸ್ನಾಯುವೂ ಸುಖದಲ್ಲಿರಲಿಲ್ಲ. ಮಶೀನಿನ ಸಹಾಯ ಸಾಲದೆ ಹೆಣಗಾಡಿದ ವಪೆಗೂ ಏಟು ಬೀಳುತ್ತದೆ.

ಅಂದರೆ ಪೂರ್ತಿ ವಿಶ್ರಾಂತಿಯೂ ಕೆಟ್ಟದ್ದು, ಪೂರ್ತಿ ದುಡಿಮೆಯೂ ಕೆಟ್ಟದ್ದು. ಅದೇ ಗುಂಪಿನವರು 2018ರಲ್ಲಿ ಕಂಡುಕೊಂಡಂತೆ, ಮೊದಲ ಮೂರು ದಿನ ಮಶೀನಿನ ಮೇಲಿದ್ದಾಗಲೇ ದಪ್ಪದ ಏರಿಕೆ 15ರಿಂದ 30ರೊಳಗೆ ಇದ್ದವರು ಬೇಗ ವೆಂಟಿಲೇಟರ್‌ನಿಂದ ಹೊರಬಂದರು. ಅದು ಮೊದಲ ದಿನಗಳ ಮಾತು, ನಿಮ್ಮ ತಂದೆ ಹನ್ನೆರಡನೇ ದಿನದಲ್ಲಿದ್ದಾರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಆದರೂ ಮಶೀನಿನ ಸಹಾಯ ಚೆನ್ನಾಗಿದ್ದಾಗ ಬಂದ 14ಕ್ಕೂ ಸಹಾಯವಿಲ್ಲದಾಗ ಬಂದ 14ಕ್ಕೂ ಎಷ್ಟು ಅಂತರ ಎಂಬುದು ಇದರಿಂದ ನಿಮಗೆ ಹೊಳೆಯಬೇಕು.

ಬಳಕೆಯಿಲ್ಲದಿರುವುದು ಒಂದು ಕಾರಣ. ಸೋಂಕು ರಕ್ತಕ್ಕೆ ಹಬ್ಬಿದ್ದರೆ ಅದೇ ಸ್ನಾಯುವನ್ನು ತಿನ್ನುತ್ತದೆ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಷಿಯಂ ಇಳಿದರೆ ಸ್ನಾಯು ಬಲವಾಗಿ ಸಂಕುಚಿಸಲಾರದು, ಇದು ಅಗ್ಗದ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಬೇಗ ಸರಿಯೂ ಆಗುತ್ತದೆ. ಇದರ ಜೊತೆಗೆ ನಿಮ್ಮ ತಂದೆಯ ವೃತ್ತಿಯನ್ನು ಮರೆಯಬಾರದು. ನಲವತ್ತು ವರ್ಷ ಒಲೆಯ ಹೊಗೆ, ಗೂಡು ಬೇಯುವ ಆವಿ, ಮೇಲೆ ಬೀಡಿ. ನಮ್ಮ ಭಾಗದ ನೂಲು ಬಿಚ್ಚುವವರ ಶ್ವಾಸಕೋಶ ಹೇಗಿರುತ್ತದೆ ಎಂದು ನೋಡಿ ಬಲ್ಲೆ. ಹಳೆಯ ಉಬ್ಬಸದ ಕಾಯಿಲೆಯಲ್ಲಿ ಗಾಳಿ ಒಳಗೇ ಸಿಕ್ಕಿಕೊಂಡು ಶ್ವಾಸಕೋಶ ಊದಿರುತ್ತದೆ, ಬಟ್ಟಲಿನಂತಿರಬೇಕಾದ ವಪೆ ತಟ್ಟೆಯಂತೆ ಚಪ್ಪಟೆಯಾಗಿರುತ್ತದೆ. ಚಪ್ಪಟೆ ವಪೆಗೆ ಕೆಳಗಿಳಿಯಲು ಜಾಗವೇ ಇರುವುದಿಲ್ಲ. ಆಸ್ಪತ್ರೆಗೆ ಬರುವ ಮೊದಲೇ ಅವರ ಅಂಕಿ ಕಡಿಮೆ ಇದ್ದಿರಬಹುದು. ಮೊದಲು ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿತ್ತೇ, ಮಾರುಕಟ್ಟೆಗೆ ನಡೆದು ಹೋಗುತ್ತಿದ್ದರೇ ಎಂಬುದನ್ನು ಡಾಕ್ಟರಿಗೆ ನೀವೇ ಹೇಳಿ. ಕೇಸ್ ಶೀಟಿನಲ್ಲಿ ‘ಬೀಡಿ’ ಎಂದು ಮಾತ್ರ ಬರೆದಿರುತ್ತಾರೆ, ‘ರೀಲಿಂಗ್’ ಎಂದು ಬರೆದಿರುವುದಿಲ್ಲ.

ತಪ್ಪು ವಪೆಯದೇ ಆಗಿರಬೇಕೆಂದೂ ಇಲ್ಲ. ಮಶೀನ್ ತೆಗೆದ ಕ್ಷಣ ಹೃದಯದ ಮೇಲೆ ಭಾರ ಹೆಚ್ಚುತ್ತದೆ, ದುರ್ಬಲ ಹೃದಯವಿದ್ದರೆ ಶ್ವಾಸಕೋಶಕ್ಕೆ ನೀರಿಳಿದು ಇದೇ ಥರ ಅರ್ಧ ಗಂಟೆಯಲ್ಲಿ ಏದುಸಿರು ಬರುತ್ತದೆ. ಆಗ ವಪೆಗೆ ವ್ಯಾಯಾಮ ಮಾಡಿಸಿ ಏನೂ ಆಗದು, ನೀರು ಇಳಿಸುವ ಔಷಧ ಬೇಕು. ಅದೇ ಅಲ್ಟ್ರಾಸೌಂಡ್ ಯಂತ್ರದಲ್ಲಿ ವಪೆಯನ್ನೂ ಶ್ವಾಸಕೋಶದ ನೀರನ್ನೂ ಹೃದಯವನ್ನೂ ನೋಡಬಹುದು. ನಿಮ್ಮ ಮೂರು ಬಿಲ್‌ಗಳಲ್ಲಿ ಒಂದು ಹೃದಯದ್ದಾಗಿರುವ ಸಾಧ್ಯತೆಯಿದೆ, ನೋಡಿ. ಆಗಿಲ್ಲವಾದರೆ, ‘ಬಿಡಿಸಿದಾಗ ಏದುಸಿರು ಬಂತಲ್ಲ, ಆಗ ಹೃದಯವನ್ನೂ ನೋಡಿದಿರಾ’ ಎಂದು ಕೇಳಿ.

ಮುಂದಿನ ದಾರಿಗಳಿಗೆ ಬರೋಣ. ನಾನಾಗಿದ್ದರೆ ಮೊದಲು ಹಿಡಿಯುತ್ತಿದ್ದ ದಾರಿ ನಿಧಾನದ್ದು. ನಿದ್ದೆಯ ಔಷಧ ಆದಷ್ಟು ಇಳಿಸುವುದು, ಹಗಲು ಮಶೀನಿನ ಸಹಾಯ ಕಡಿಮೆ ಮಾಡಿ ಸ್ನಾಯುವಿಗೆ ಕೆಲಸ ಕೊಡುವುದು, ರಾತ್ರಿ ಸಹಾಯ ಹೆಚ್ಚಿಸಿ ನಿದ್ದೆ ಮಾಡಿಸುವುದು, ದಿನಕ್ಕೊಮ್ಮೆ ಬಿಡಿಸಿ ನೋಡುವುದು. ಟ್ಯೂಬ್ ಇದ್ದರೂ ಹಾಸಿಗೆಯ ಅಂಚಿನಲ್ಲಿ ಕಾಲಿಳಿಬಿಟ್ಟು ಕೂರಿಸುವುದು. ಟ್ಯೂಬ್ ಹಾಕಿದವರನ್ನು ಕೂರಿಸುತ್ತಾರೆಯೇ ಎಂದು ಜನ ಬೆರಗಾಗುತ್ತಾರೆ, ಕೂರಿಸಬಹುದು, ಕೂರಿಸಬೇಕು. ಮಲಗಿದಲ್ಲೇ ಇರುವಾಗ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ಆಹಾರದಲ್ಲಿ ಪ್ರೋಟೀನ್ ಮುಖ್ಯ, ತೂಕದ ಪ್ರತಿ ಕಿಲೋಗೆ ದಿನಕ್ಕೆ ಕನಿಷ್ಠ 1.2 ಗ್ರಾಂ. ಮನೆಯಿಂದ ರಾಗಿ ಗಂಜಿ ತಂದು ಮೂಗಿನ ನಳಿಕೆಗೆ ಹಾಕಿಸಬೇಡಿ, ನಳಿಕೆ ಕಟ್ಟಿಕೊಳ್ಳುತ್ತದೆ, ಪ್ರೋಟೀನೂ ಸಾಲುವುದಿಲ್ಲ. ಉಸಿರಿನ ಸ್ನಾಯುವಿಗೆ ‘ಶಕ್ತಿ ಇಂಜೆಕ್ಷನ್’ ಎಂಬುದು ಇಲ್ಲ. ಯಾರಾದರೂ ಹೊರಗಿನಿಂದ ತರಲು ಹೇಳಿದರೆ ಹಣ ಉಳಿಸಿಕೊಳ್ಳಿ.

ಈ ನಿಧಾನದ ದಾರಿಗೆ ಅಪಾಯವೂ ಇದೆ. ಪ್ರತಿ ದಿನ ಟ್ಯೂಬ್ ಇದ್ದಷ್ಟೂ ಹೊಸ ಸೋಂಕಿನ ಭಯ. ಹಾಗಾಗಿ ಇನ್ನೊಂದು ಆಯ್ಕೆಯನ್ನು ಯೋಚಿಸುತ್ತೇವೆ. ಸ್ವಲ್ಪ ಮುಂಚೆಯೇ ಟ್ಯೂಬ್ ತೆಗೆದು, ತಕ್ಷಣ ಬಿಗಿಯಾದ ಮಾಸ್ಕ್ ಮೂಲಕ ಸಹಾಯ ಕೊಡುವುದು. ಉಬ್ಬಸದ ಹಳೆ ಕಾಯಿಲೆ ಇದ್ದವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಅವರು ಎಚ್ಚರವಿರಬೇಕು, ಕಫ ಕೆಮ್ಮಿ ಉಗುಳುವ ಬಲವಿರಬೇಕು. ಅದು ಸೋತರೆ ಮತ್ತೆ ಟ್ಯೂಬ್ ಹಾಕಬೇಕಾಗುತ್ತದೆ, ತಡ ಮಾಡಿ ಹಾಕಿದರೆ ಜೀವಕ್ಕೇ ಅಪಾಯ. ರಾತ್ರಿಯೂ ಅನುಭವಿಗಳಿರುವ ಐಸಿಯುನಲ್ಲಿ ಮಾತ್ರ ಇದಕ್ಕೆ ಕೈ ಹಾಕಬೇಕು.

ಗಂಟಲಿನ ತೂತಿನ ಬಗ್ಗೆ ನಮ್ಮ ಕಡೆ ದೊಡ್ಡ ಭಯವಿದೆ. ಟ್ರಕಿಯಾಸ್ಟಮಿ ಎಂದ ಕೂಡಲೇ ‘ಅಲ್ಲಿಗೆ ಮುಗಿಯಿತು’ ಎಂದು ಸಹಿ ಹಾಕದೆ ಎದ್ದುಹೋದವರನ್ನು ಕಂಡಿದ್ದೇನೆ. ಅದು ಕೊನೆಯ ಹಂತವಲ್ಲ. ಬಾಯಿಯಿಂದ ಹಾಕಿದ ಟ್ಯೂಬನ್ನು ಕುತ್ತಿಗೆಗೆ ವರ್ಗಾಯಿಸುವುದು. ಬಾಯಿ ಖಾಲಿಯಾಗುತ್ತದೆ, ನಿದ್ದೆಯ ಔಷಧ ಅಷ್ಟಾಗಿ ಬೇಕಾಗುವುದಿಲ್ಲ, ಕಫ ತೆಗೆಯುವುದು ಸುಲಭ, ಕುರ್ಚಿಯಲ್ಲಿ ಕೂರಬಹುದು. ಮಾತು ನಿಲ್ಲುವುದು ತಾತ್ಕಾಲಿಕ. ಟ್ಯೂಬ್ ತೆಗೆದ ಮೇಲೆ ತೂತು ಬಹುತೇಕ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಪಾಯಗಳನ್ನೂ ಹೇಳಬೇಕು. ರಕ್ತಸ್ರಾವ, ಗಾಯದ ಸೋಂಕು, ಕಫದಿಂದ ಟ್ಯೂಬ್ ಕಟ್ಟಿಕೊಳ್ಳುವುದು, ತಿಂಗಳುಗಳ ನಂತರ ಶ್ವಾಸನಾಳ ಕಿರಿದಾಗುವುದು. ಟ್ಯೂಬ್ ಇಟ್ಟುಕೊಂಡು ಮನೆಗೆ ಬಂದರೆ ಕಫ ಎಳೆಯುವುದನ್ನು ಮನೆಯವರೊಬ್ಬರು ಕಲಿಯಲೇಬೇಕು. ಅವಸರವೂ ಬೇಕಿಲ್ಲ. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ನಾಲ್ಕು ದಿನದೊಳಗೆ ಮಾಡಿದವರಿಗೂ ಹತ್ತು ದಿನ ಕಾದವರಿಗೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಕಾದ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಮಾಡಲೇ ಇಲ್ಲ. ನಿಮ್ಮ ತಂದೆ ಹತ್ತು ದಿನ ದಾಟಿದ್ದಾರೆ. ಮೇಲೆ ಹೇಳಿದ್ದನ್ನೆಲ್ಲ ಸರಿಪಡಿಸಿ ಇನ್ನೂ ಕೆಲವು ದಿನ ಪ್ರಯತ್ನಿಸಿದರೂ ಬಿಡಿಸಲಾಗದಿದ್ದರೆ, ನಾನು ನಿಮ್ಮ ಜಾಗದಲ್ಲಿದ್ದರೆ ಸಹಿ ಹಾಕುತ್ತಿದ್ದೆ.

ಬೆಂಗಳೂರು? ಚಿಕ್ಕಬಳ್ಳಾಪುರದಿಂದ ಸುಮಾರು 60 ಕಿಲೋಮೀಟರ್, ಹೆದ್ದಾರಿ ಚೆನ್ನಾಗಿದೆ, ಆದರೆ ವೆಂಟಿಲೇಟರ್ ಮೇಲಿರುವವರಿಗೆ ಅದು ದೂರದ ಪ್ರಯಾಣ. ಟ್ಯೂಬ್ ಜಾರಬಹುದು, ಆಕ್ಸಿಜನ್ ಮುಗಿಯಬಹುದು, ಟ್ರಾಫಿಕ್ಕಿನಲ್ಲಿ ನಿಂತಾಗ ಬ್ಯಾಟರಿ ಕೈಕೊಡಬಹುದು. ‘ದೊಡ್ಡ ಆಸ್ಪತ್ರೆ’ ಎಂಬ ಕಾರಣಕ್ಕೆ ಹೋಗಬೇಡಿ. ಇಲ್ಲಿ ಆಗದ ಒಂದು ನಿರ್ದಿಷ್ಟ ಕೆಲಸ ಅಲ್ಲಿ ಆಗುವುದಿದ್ದರೆ ಹೋಗಿ. ಉದಾಹರಣೆಗೆ, ನಿಮ್ಮ ಪತ್ರದಲ್ಲಿ ಬಲಪಕ್ಕೆ ಮಾತ್ರ ಇದೆ. ಎಡಭಾಗ ನೋಡುವುದು ಕಷ್ಟ, ಹೊಟ್ಟೆಯ ಗಾಳಿ ಅಡ್ಡ ಬರುತ್ತದೆ, ಆದರೂ ಪ್ರಯತ್ನಿಸಲು ಕೇಳಿ. ಎರಡೂ ಕಡೆ ಸಮನಾಗಿ ಸೋತಿದ್ದರೆ ಸವೆತ ಅಥವಾ ಸೋಂಕಿನ ಕಡೆ ಯೋಚನೆ ಹೋಗುತ್ತದೆ. ಒಂದು ಕಡೆ ಚೆನ್ನಾಗಿದ್ದು, ಇನ್ನೊಂದು ಕಡೆ ಉಸಿರೆಳೆದಾಗ ಕೆಳಗಿಳಿಯುವ ಬದಲು ಮೇಲಕ್ಕೇರುತ್ತಿದ್ದರೆ ಆ ಬದಿಯ ನರದ ತೊಂದರೆಯನ್ನು ಹುಡುಕಬೇಕು. ಕೈಕಾಲೂ ಎತ್ತಲಾಗದಷ್ಟು ಸೋತಿದ್ದರೆ ನರಗಳ ಪರೀಕ್ಷೆ ಬೇಕು. ಅಂಥ ಸಂದರ್ಭದಲ್ಲಿ ನಿಮ್ಹಾನ್ಸ್‌ನಂಥ ಕಡೆಗೆ ಕಳಿಸುವುದಕ್ಕೆ ಅರ್ಥವಿದೆ.

ಗುಣವಾಗುತ್ತದೆಯೇ ಎಂದಿರಿ. ಸವೆದ ವಪೆ ಮತ್ತೆ ಬಲಗೊಳ್ಳುತ್ತದೆ, ಹಲವರಲ್ಲಿ ನೋಡಿದ್ದೇನೆ. ಆದರೆ ದಿನಗಳಲ್ಲಿ ಅಲ್ಲ, ವಾರಗಳಲ್ಲಿ, ಕೆಲವರಿಗೆ ತಿಂಗಳುಗಳು. ಶ್ವಾಸಕೋಶದ ಹಳೆಯ ಹಾನಿ ಹಾಗೇ ಉಳಿಯುತ್ತದೆ. ಮನೆಗೆ ಬಂದರೂ ಒಲೆಯ ಮುಂದಿನ ಕೆಲಸಕ್ಕೆ ಅವರು ಮರಳಲಾರರು ಎಂದು ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕೆಲವರು ಎಲ್ಲ ಪ್ರಯತ್ನದ ನಂತರವೂ ಮಶೀನ್ ಬಿಡಲಾಗದೆ ಹೋಗುವುದುಂಟು. ನಿಮ್ಮ ತಂದೆ ಆ ಸಾಲಿಗೆ ಸೇರುತ್ತಾರೆ ಎನ್ನಲು 12ನೇ ದಿನದ ಒಂದು 14 ಸಾಕಾಗುವುದಿಲ್ಲ.

ಕೊನೆಯದಾಗಿ, ಕೇಳಿಸುತ್ತದೆಯೇ ಎಂದು ಕೇಳಿದ್ದೀರಿ. ನಿದ್ದೆಯ ಔಷಧ ಇಳಿಸಿದ್ದರೆ ಖಂಡಿತ ಕೇಳಿಸುತ್ತದೆ, ಟ್ಯೂಬ್ ಇರುವುದರಿಂದ ಉತ್ತರ ಕೊಡಲಾಗದು ಅಷ್ಟೇ. ಮಶೀನ್ ಬಿಡಿಸುವ ಪ್ರಯತ್ನ ಸಾಮಾನ್ಯವಾಗಿ ಬೆಳಗ್ಗೆ ನಡೆಯುತ್ತದೆ, ನಿಮ್ಮನ್ನು ಒಳಗೆ ಬಿಡುವ ಹೊತ್ತಿಗೆ ಮುಗಿದಿರುತ್ತದೆ. ಆ ಹೊತ್ತಿಗೆ ಒಬ್ಬರನ್ನು ಪಕ್ಕದಲ್ಲಿರಲು ಬಿಡಿ ಎಂದು ಕೇಳಿಕೊಳ್ಳಿ. ಹೆದರಿದವರ ಉಸಿರು ಚಿಕ್ಕದಾಗಿ ವೇಗವಾಗುತ್ತದೆ, ನೋಡುವವರಿಗೆ ಅದು ಸ್ನಾಯು ಸೋತಂತೆಯೇ ಕಾಣುತ್ತದೆ. ಅವರ ಕನ್ನಡಕ ಹಾಕಿ, ಕೈ ಹಿಡಿದು, ಈಗ ಏನು ಮಾಡುತ್ತಾರೆ, ಎಷ್ಟು ಹೊತ್ತು ಎಂದು ಹೇಳಿ. ಮನೆಯಲ್ಲಿ ತೆಲುಗು ಆಡುವವರಾದರೆ ತೆಲುಗಿನಲ್ಲೇ ಹೇಳಿ.